ಎರಡನೇ ಗುಂಡು

ನನ್ನ ಕುತ್ತಿಗೆಗೆ ಟವೆಲ್ ಬಿಗಿದವನ ಮೇಲೆ ಸಿನಿಮಾ ತೆಗೆಯುತ್ತಾರಂತೆ ಎಂದು ಮಗ ಪ್ರಜ್ಞೇಶ್ ಬಂದು ಹೇಳಿದಾಗ ನಾನು ಅಂಗಳದಲ್ಲಿ ಕಾಳುಮೆಣಸು ಹರವುತ್ತಿದ್ದೆ. ಅವನ ಮುಖದಲ್ಲಿ ಹೆದರಿಕೆಯೂ ಇತ್ತು, ಖುಷಿಯೂ ಇತ್ತು. ಹೆದರಿಕೆ ನಾನು ಬೈಯುತ್ತೇನೆಂದು. ಖುಷಿ ಯಾಕೆಂದರೆ ಶೂಟಿಂಗ್ ನಮ್ಮ ಅಂಗಳದಲ್ಲೇ ನಡೆಯುತ್ತದಂತೆ.

"ಮೆಣ್ಸ್ ಒಣಗ್ವ ಹೊತ್ತಿಗೇ ಬರೊಕಾ ಅವ್ಕೆ?" ಎಂದೆ.

"ಅವ್ವ, ನೀ ಬೊತ್ತ್ ಹೇಳಿರೆ ಬೊತ್ತ್," ಎಂದ. ಬೇಡವೆಂದರೆ ಬೇಡ ಎಂದು ಬಾಯಿ ಹೇಳುತ್ತಿದ್ದರೂ ಕಾಲು ಆಗಲೇ ರಸ್ತೆಯ ಕಡೆಗೆ ತಿರುಗಿತ್ತು. ಸೊಸೆ ಮೋನಿಷಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಹಾಳಾಗಿ ಹೋಗಲಿ, ಬರಲಿ ಎಂದೆ.

ನಮ್ಮ ಕಾಲದವರಿಗೆ ಕೊಡೆಯವ ಎಂದರೆ ಸಾಕು, ಮತ್ತೇನೂ ಹೇಳಬೇಕಾಗಿಲ್ಲ. ನಾನಿನ್ನೂ ಮದುವೆಯಾಗದ ಹುಡುಗಿಯಾಗಿದ್ದಾಗ ಕೊಡೆ ರಿಪೇರಿ ಮಾಡುವವನೊಬ್ಬ ಮಳೆಗಾಲದಲ್ಲಿ ಕೊಡಗಿನ ಉದ್ದಗಲಕ್ಕೂ ತಿರುಗುತ್ತಿದ್ದ. ಮುರಿದ ಕಡ್ಡಿ ಹಾಕಿಕೊಡುತ್ತಿದ್ದ, ಹರಿದ ಬಟ್ಟೆ ಹೊಲಿದುಕೊಡುತ್ತಿದ್ದ. ಅವನು ಹೋದ ದಾರಿಯಲ್ಲಿ ಒಂಟಿ ಹೆಂಗಸರ ಹೆಣ ಸಿಗುತ್ತಿತ್ತು. ಕೊಡ್ಲಿಪೇಟೆ ಕಡೆಯ ಒಬ್ಬಳು ಟೀಚರ್, ಶ್ರೀಮಂಗಲದ ಹತ್ತಿರ ಹಸು ಮೇಯಿಸುತ್ತಿದ್ದ ಅಜ್ಜಿ, ನಮ್ಮ ಪಕ್ಕದ ತೋಟದ ಕೂಲಿಯವರ ಲೈನಿನಲ್ಲಿದ್ದ ಯಮುನಾ. ಪೊಲೀಸರು ಎಷ್ಟೋ ಕೊಡೆಯವರನ್ನು ಹಿಡಿದರು, ಹೊಡೆದರು, ಬಿಟ್ಟರು. ಅವನು ಮಾತ್ರ ಸಿಗಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ಅವನ ಕೈಗೆ ಸಿಕ್ಕಿ ಉಳಿದವಳು ನಾನೊಬ್ಬಳೇ.

ನಿರ್ದೇಶಕ ದೀಕ್ಷಿತ್ ಮೈಸೂರಿನವನು. ಕುರುಚಲು ಗಡ್ಡ, ನಿದ್ದೆಗೆಟ್ಟ ಕಣ್ಣು. ಜೊತೆಗೆ ಪವಿತ್ರಾ ಎಂಬ ಸಹಾಯಕ ನಿರ್ದೇಶಕಿ. ಕಾಫಿ ಕೈಯಲ್ಲಿ ಹಿಡಿದವನು ಅದನ್ನು ಆರಿಸಿ ತಣ್ಣಗೆ ಮಾಡಿಯೇ ಕುಡಿದ. ಅಷ್ಟು ಪ್ರಶ್ನೆ ಇದ್ದವು ಅವನಲ್ಲಿ.

"ಅಮ್ಮ, ಈ ಕೇಸಿನ ಹುಚ್ಚು ಹಿಡಿದುಬಿಟ್ಟಿದೆ ನಂಗೆ. ಅವನ ಕಣ್ಣು ಹೇಗಿತ್ತು? ಕೈ ಹೇಗಿತ್ತು? ಏನಾದ್ರೂ ಮಾತಾಡಿದ್ನಾ?"

"ಹಿಂದಿನಿಂದ ಬಂದವನ ಕಣ್ಣು ನಂಗೆ ಹೇಗೆ ಕಾಣ್ತದೆ ಮಾರಾಯ? ನನ್ನ ತಲೆಗೆ ಹಿಂದೆಯೂ ಕಣ್ಣುಂಟಾ?"

ಪವಿತ್ರಾ ಬಾಯಿಗೆ ಕೈ ಇಟ್ಟುಕೊಂಡಳು. ನನಗೆ ಸಿಟ್ಟು ಬಂದಿತ್ತು, ನಿಜ. ಆದರೆ ಅದು ಈ ಹುಡುಗನ ಮೇಲಿನ ಸಿಟ್ಟಲ್ಲ. ಆಗಿನ ಪೇಪರಿನವರು, ಆಮೇಲಿನ ಟಿವಿಯವರು, ಈಗ ಸಿನಿಮಾದವರು, ಎಲ್ಲರೂ ಕೇಳುವುದು ಅದೊಂದೇ: ಅವನು ಯಾರಿರಬಹುದು? ಕೊಂದವನನ್ನು ಹುಡುಕಲು ಇಷ್ಟೊಂದು ಜನ ಇದ್ದಾರೆ. ನನ್ನನ್ನು ಉಳಿಸಿದವರನ್ನು ಹುಡುಕುತ್ತಿರುವುದು ನಾನೊಬ್ಬಳೇ. ಹಾಗೆಂದು ಅವನಿಗೆ ಹೇಳಿಯೂ ಬಿಟ್ಟೆ.

"ಉಳಿಸಿದ್ದು ಇನ್ಸ್‌ಪೆಕ್ಟರ್ ಅಲ್ವಾ ಅಮ್ಮ? ಎರಡು ರೌಂಡ್ ಫೈರ್ ಮಾಡಿದ್ರಲ್ಲ. ಅದೇ ನಮ್ಮ ಇಂಟರ್ವಲ್ ಸೀನು."

"ಇನ್ಸ್‌ಪೆಕ್ಟರು ಬಂದದ್ದು ಮಾರನೇ ದಿನ. ರಸ್ತೆಗೆ ಬಿದ್ದ ಮರ ಕಡಿದ ಮೇಲೆ ಜೀಪಲ್ಲಿ ಬಂದ್ರು, ಕಾಫಿ ಕುಡಿದ್ರು, ಹೋದ್ರು. ಪೇಪರಿನಲ್ಲಿ ಅವರೇ ಗುಂಡು ಹೊಡೆದದ್ದು ಅಂತ ಬಂತು. ನನ್ನಪ್ಪನಿಗೂ ಅದೇ ಒಳ್ಳೆಯದಾಯ್ತು. ಪೊಲೀಸಿನವರು ಸಮಯಕ್ಕೆ ಸರಿಯಾಗಿ ಬಂದ್ರು, ಹುಡುಗಿಗೆ ಏನೂ ಆಗಲಿಲ್ಲ ಅಂದ್ರೆ ಮದುವೆಗೆ ಅಡ್ಡಿ ಇಲ್ಲ ನೋಡು."

ದೀಕ್ಷಿತ್ ಲೋಟ ಕೆಳಗಿಟ್ಟ. ಇನ್ನು ಇವನಿಗೆ ನಿಜವಾಗಿ ನಡೆದದ್ದನ್ನು ಹೇಳಲೇಬೇಕಾಯಿತು.

ನನ್ನ ತವರು ಇಲ್ಲಿಂದ ಕೂಗಳತೆಯಲ್ಲಿದೆ. ಅದು ಆಟಿ ತಿಂಗಳು, ನಾಟಿ ಸಮಯ. ಮಳೆ ಎಂದರೆ ಎದುರಿನವರ ಮಾತು ಕೇಳದಷ್ಟು ಮಳೆ. ಗದ್ದೆಯಲ್ಲಿದ್ದವರಿಗೆ ಬುತ್ತಿ ಕೊಟ್ಟು, ಊಟ ಮುಗಿದ ಪಾತ್ರೆ ಹೊತ್ತುಕೊಂಡು ಹೊಳೆ ಬದಿಯ ದಾರಿಯಲ್ಲಿ ಬರುತ್ತಿದ್ದೆ. ಹೊಳೆ ದಾಟಲು ಇದ್ದ ಮರದ ಪಾಲವನ್ನು ಆವತ್ತು ಬೆಳಿಗ್ಗೆಯೇ ನೀರು ಹೊತ್ತುಕೊಂಡು ಹೋಗಿತ್ತು. ಅದಿಲ್ಲದ ಹೊಳೆ ಹೇಗೆ ಕಾಣುತ್ತದೆಂದು ನೋಡುತ್ತ ನಿಂತೆ. ಆಗ ಹಿಂದಿನಿಂದ ಟವೆಲ್ ಬಿತ್ತು.

ಉಸಿರು ಕಟ್ಟಿತು. ಪಾತ್ರೆ ಉರುಳಿತು. ಕಣ್ಣು ಕತ್ತಲಾಗುವ ಹೊತ್ತಿಗೆ ಎಲ್ಲಿಂದಲೋ ಒಂದು ಗುಂಡಿನ ಸದ್ದು ಕೇಳಿತು. ಅವನ ಕೈ ಸಡಿಲವಾಯಿತು. ನಾನು ಕೆಸರಿಗೆ ಬಿದ್ದು ಕೆಮ್ಮುತ್ತಿದ್ದೆ, ಎದ್ದು ಓಡಲು ಕಾಲಿಗೆ ಬಲ ಇರಲಿಲ್ಲ. ಅವನು ಆಚೆ ಈಚೆ ನೋಡಿರಬೇಕು, ಯಾರೂ ಕಂಡಿರಲಿಕ್ಕಿಲ್ಲ. ಮತ್ತೆ ಬಂದು ಜಡೆ ಹಿಡಿದು ಎಳೆದ. ಆಗ ಎರಡನೇ ಗುಂಡು ಹಾರಿತು. ಅವನು ನನ್ನನ್ನೂ ಬಿಟ್ಟ, ತನ್ನ ಕೊಡೆಗಳ ಚೀಲವನ್ನೂ ಬಿಟ್ಟ, ಕಾಡಿಗೆ ಓಡಿದ. ಆಮೇಲೆ ಅವನನ್ನು ನಮ್ಮ ಕೊಡಗಿನಲ್ಲಿ ಯಾರೂ ಕಾಣಲಿಲ್ಲ.

ನಮ್ಮವನಾಗಿದ್ದರೆ ಓಡುತ್ತಿರಲಿಲ್ಲ. ಇಲ್ಲಿ ಮನೆಮನೆಯಲ್ಲಿ ಕೋವಿ ಇದೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಒಂದರ ಹಿಂದೆ ಒಂದು ಎರಡು ಗುಂಡು. ಅದನ್ನು ಕೇಳಿ ಊರವರು ಕೆಲಸ ಬಿಟ್ಟು ಆ ಮನೆಗೆ ಹೋಗುತ್ತಾರೆ. ಆ ರೂಢಿ ಗೊತ್ತಿಲ್ಲದವನು ತನ್ನ ಮೇಲೇ ಹೊಡೆಯುತ್ತಿದ್ದಾರೆಂದು ತಿಳಿದ.

"ಹಾಗಾದ್ರೆ ಅದು ಸಾವಿನ ಗುಂಡು," ಎಂದಳು ಪವಿತ್ರಾ.

"ಅಲ್ಲೇ ಇರೋದು ನೋಡು ತೊಂದರೆ. ಸಾವಿನ ಗುಂಡಿನ ಮಧ್ಯೆ ಅಷ್ಟು ಹೊತ್ತು ಇರೋದಿಲ್ಲ. ಇದು ಒಂದು ಹಾರಿ, ಸುಮಾರು ಹೊತ್ತು ಬಿಟ್ಟು ಮತ್ತೊಂದು."

ಹುಟ್ಟಿನ ಗುಂಡೋ ಸಾವಿನದೋ ಎಂಬುದೇ ನನಗೆ ತಿಳಿಯಲಿಲ್ಲ. ನಮ್ಮ ಕಡೆ ಆವತ್ತು ಯಾರೂ ಸತ್ತಿರಲಿಲ್ಲ ಎಂದು ಅಪ್ಪ ಹೇಳಿದ್ದರು. ಹೊಳೆಯ ಆಚೆಗೆ ಕೇಳೋಣವೆಂದರೆ ಪಾಲ ಇಲ್ಲ. ನೀರು ಇಳಿಯುವ ಮೊದಲೇ ನನ್ನನ್ನು ಸುಳ್ಯದ ಮಾವನ ಮನೆಗೆ ಸಾಗಿಸಿದರು, ಈ ಮಾತು ಎತ್ತಬಾರದೆಂದು ಬಾಯಿಗೆ ಬೀಗ ಹಾಕಿದರು. ಮದುವೆಯಾಗಿ ಇದೇ ಊರಿಗೆ ತಿರುಗಿ ಬಂದ ಮೇಲೆ, ಸಾವಿನ ಗುಂಡು ಹಾಗಿರುವುದಿಲ್ಲ, ಹುಟ್ಟಿನದೇ ಇರಬೇಕೆಂದು ನಾನು ಹುಡುಕಲು ಶುರು ಮಾಡಿದೆ. ಆ ಆಟಿಯಲ್ಲಿ ಹುಟ್ಟಿದವನೆಂದು ಮೇಲಿನ ಮನೆಯ ಸುನಿಲನಿಗೆ ವರ್ಷಾ ವರ್ಷಾ ಕೋಳಿಮೊಟ್ಟೆ, ಬೆಲ್ಲ, ಹಬ್ಬಕ್ಕೆ ಅಂಗಿ ಕೊಟ್ಟೆ. ಅವನಿಗೆ ಮೀಸೆ ಬಂದ ಮೇಲೆ ಅವನಮ್ಮ ಬಾಯಿ ಬಿಟ್ಟಳು: ಅವನು ಹುಟ್ಟಿದ್ದು ಮಡಿಕೇರಿ ಆಸ್ಪತ್ರೆಯಲ್ಲಂತೆ, ಅಪ್ಪ ಮಿಲಿಟರಿಯಲ್ಲಿದ್ದುದರಿಂದ ಗುಂಡು ಹೊಡೆಯಲು ಜನವೇ ಇರಲಿಲ್ಲವಂತೆ! ಕೊಟ್ಟ ಮೊಟ್ಟೆಯನ್ನು ವಾಪಸ್ಸು ಕೇಳಲಾಗುತ್ತದೆಯೇ?

ಒಂದು ವೇಳೆ ಸಾವಿನದೇ ಆಗಿದ್ದರೆ ಎಂದು ಇನ್ನೊಂದು ಕೆಲಸವನ್ನೂ ಬಿಟ್ಟಿರಲಿಲ್ಲ. ಕೈಲುಮುಹೂರ್ತದ ದಿನ ಕೋವಿ ಪೂಜೆ ಮಾಡಿ ಹಿರಿಯರಿಗೆ ಎಡೆ ಇಡುವಾಗ ಮನೆಯ ಹಿರಿಯರ ಹೆಸರು ಹಿಡಿದು ಊಟಕ್ಕೆ ಕರೆಯುತ್ತೇವೆ. ಆಮೇಲೆ ಪಕ್ಕದಲ್ಲಿ ಒಂದು ಎಲೆ ಹೆಚ್ಚಿಗೆ ಹಾಕಿ, "ಹೆಸರು ಗೊತ್ತಿಲ್ಲದವರೇ, ನೀವೂ ಬನ್ನಿ" ಎನ್ನುತ್ತಿದ್ದೆ. ಅತ್ತೆ ಇದ್ದಾಗ ಬೈದರು, ಗಂಡ ಇದ್ದಾಗ ನಕ್ಕರು. ಈಗ ಇಬ್ಬರೂ ಎಲೆಗೆ ಬಂದು ಕೂರುವವರೇ, ಆ ಹೆಚ್ಚಿನ ಎಲೆ ಮಾತ್ರ ಹಾಗೇ ಇದೆ. ಬದುಕಿದ್ದೇನೆ, ಮಕ್ಕಳನ್ನು ಹೆತ್ತಿದ್ದೇನೆ, ಮೊಮ್ಮಗಳ ಜಡೆ ಹಾಕಿದ್ದೇನೆ. ಇಷ್ಟೆಲ್ಲ ಕೊಟ್ಟವರ ಹೆಸರು ತಿಳಿಯದೆ ಸಾಯುವುದೆಂದರೆ ನನಗೆ ಬಹಳ ಸಂಕಟ.

"ಅಮ್ಮ, ಹೀರೋ ಫೈರ್ ಮಾಡ್ಲೇಬೇಕು. ಇಲ್ದಿದ್ರೆ ಪ್ರೊಡ್ಯೂಸರ್ ಒಪ್ಪಲ್ಲ," ಎಂದ ದೀಕ್ಷಿತ್. ಪಾಪ, ಸುಳ್ಳು ಹೇಳಲಿಲ್ಲವಲ್ಲ ಎಂದು ಅವನ ಮೇಲೆ ಇಷ್ಟವೇ ಆಯಿತು.

ಶೂಟಿಂಗ್ ದಿನ ಮಳೆಗೆ ಹೆಸರಾದ ನಮ್ಮ ಊರಿಗೆ ಅವರು ಟ್ಯಾಂಕರಿನಲ್ಲಿ ಮಳೆ ತಂದರು. ಮೆಣಸನ್ನೆಲ್ಲ ನಾವು ಬಾಚಿ ಒಳಗೆ ಹಾಕಿದೆವು. ಬಿರುಬಿಸಿಲಿನಲ್ಲಿ ನಮ್ಮ ಅಂಗಳದಲ್ಲಿ ಮಾತ್ರ ಮಳೆ. ಹೀರೋ ರೈನ್‌ಕೋಟು ಹಾಕಿ ಓಡಿ ಬರುವುದು, ಪಿಸ್ತೂಲು ಎತ್ತುವುದು, ಮತ್ತೆ ಹೋಗಿ ಮತ್ತೆ ಓಡಿ ಬರುವುದು. ನಾನು ಜಗಲಿಯಲ್ಲಿ ಕೂತು ನೋಡಿದೆ. ನನ್ನ ಪಾತ್ರದ ಹುಡುಗಿ ಕೆಸರಿಗೆ ಬಿದ್ದು ಎದ್ದಾಗ ಮಾತ್ರ ಒಳಗೆ ಹೋಗಿ ಅವಳಿಗೆಂದು ಬಿಸಿನೀರು ಕಾಯಿಸಲು ಮೋನಿಷಾಗೆ ಹೇಳಿದೆ.

ಸಿನಿಮಾದ ಪಿಸ್ತೂಲಿನ ಸದ್ದು ದೀಕ್ಷಿತ್‌ಗೆ ಹಿಡಿಸಲಿಲ್ಲ. ನಿಜವಾದ ಗುಂಡು ಈ ಗುಡ್ಡಗಳಲ್ಲಿ ಹೇಗೆ ಮೊಳಗುತ್ತದೋ ಅದೇ ಸದ್ದು ರೆಕಾರ್ಡ್ ಆಗಬೇಕೆಂದು ಪ್ರಜ್ಞೇಶನನ್ನು ಹಿಡಿದ. ಪ್ರಜ್ಞೇಶ್ ಒಪ್ಪಿದ, ಆದರೆ ಎರಡು ಹೊಡೆಯುವುದಿಲ್ಲ, ಒಂದೇ ಎಂದು ಮೊದಲೇ ಹೇಳಿದ. ಟ್ಯಾಂಕರ್ ನಿಲ್ಲಿಸಿದರು, ಎಲ್ಲರೂ ಮೌನವಾದರು. ಇವನು ಆಕಾಶಕ್ಕೆ ಒಂದು ಹೊಡೆದ. ನಮ್ಮ ಹೇಟೆ ಕೊಕ್ಕೊಕ್ಕೋ ಎಂದು ಕೂಗಿಕೊಂಡು ಹಟ್ಟಿಯಿಂದ ಹೊರಗೆ ಹಾರಿತು.

"ಕೋಳಿ ಸೌಂಡ್ ಬಂತು ಸರ್," ಎಂದ ರೆಕಾರ್ಡಿಂಗಿನವನು.

"ಒನ್ ಮೋರ್!" ಎಂದ ದೀಕ್ಷಿತ್.

"ಇಲ್ಲ ಸಾರ್, ನಮ್ಮಲ್ಲಿ ಎರಡು ಹೊಡೆಯೋ ಹಾಗಿಲ್ಲ."

ಚರ್ಚೆ ನಡೆಯಿತು. ದೀಕ್ಷಿತ್ ಕೈ ಮುಗಿದ. ಕೊನೆಗೆ ನನ್ನ ಮಗನ ದೊಡ್ಡ ತಲೆಗೆ ಒಂದು ಲೆಕ್ಕಾಚಾರ ಹೊಳೆಯಿತು. ಇಷ್ಟು ಹೊತ್ತು ಬಿಟ್ಟು ಹೊಡೆದರೆ ಸಾವಿನ ಗುಂಡೆಂದು ಯಾರೂ ತಿಳಿಯುವುದಿಲ್ಲ ಎಂದುಕೊಂಡು ಇನ್ನೊಂದನ್ನೂ ಹೊಡೆದ. ಹಿಂದಿನ ವಾರವಷ್ಟೇ ನಾನು ಬಿಪಿ ಹೆಚ್ಚಾಗಿ ಆಸ್ಪತ್ರೆಗೆ ಹೋಗಿ ಬಂದದ್ದು ಅವನಿಗೆ ಮರೆತುಹೋಗಿತ್ತು. ಊರಿಗೆ ಮರೆತಿರಲಿಲ್ಲ.

ಮೊದಲು ಬಂದದ್ದು ಮೇಲಿನ ಮನೆಯ ಸುನಿಲ, ಬೈಕಿನಲ್ಲಿ. ಅವನ ಹಿಂದೆ ಅವನಮ್ಮ ಬಿಳಿ ಸೀರೆಯಲ್ಲಿ. ಆಮೇಲೆ ಒಂದು ಆಟೋ, ಒಂದು ಜೀಪು. ಹೆಂಗಸರು ಗೇಟಿನಿಂದಲೇ ಅಳುತ್ತ ಬಂದರು. ಲೈನಿನ ಮಲ್ಲ ಕತ್ತಿ ಹಿಡಿದು ಬಂದು, ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ನನ್ನನ್ನು ಕಂಡು ಅಲ್ಲೇ ನಿಂತುಬಿಟ್ಟ.

"ಎಂಥದು ಮಲ್ಲ, ಕತ್ತಿ?"

"ಅಲ್ಲ ಅಮ್ಮ... ಚಟ್ಟಕ್ಕೆ ಬಿದಿರು ಕಡಿಯೋಣಾಂತ..."

"ಬಂದದ್ದು ಬಂದೆ, ಅಳತೆ ತಕೊಂಡು ಹೋಗು. ಮುಂದೆ ಬೇಕಾಗ್ತದೆ."

ಅಳುತ್ತಿದ್ದವರು ನಗತೊಡಗಿದರು, ನಕ್ಕವರು ಮತ್ತೆ ಅತ್ತರು. ಸುನಿಲ ಮಾತ್ರ ನಗಲಿಲ್ಲ. ಬಂದು ನನ್ನ ಕಾಲ ಬುಡದಲ್ಲಿ ಕೂತ, ಎಷ್ಟು ಹೊತ್ತಾದರೂ ಏಳಲಿಲ್ಲ. ಗುಂಡಿನ ಲೆಕ್ಕದಲ್ಲಿ ತಪ್ಪಿದರೂ ನನ್ನ ಕೋಳಿಮೊಟ್ಟೆ ವ್ಯರ್ಥವಾಗಲಿಲ್ಲ ಎಂದು ಆಗ ತಿಳಿಯಿತು. ಸತ್ತ ಮೇಲೆ ಯಾರು ಬರುತ್ತಾರೆಂದು ಸತ್ತವರಿಗೆ ನೋಡಲು ಸಿಗುವುದಿಲ್ಲ. ನನಗೆ ಬದುಕಿದ್ದಾಗಲೇ ಸಿಕ್ಕಿತು. ಅಂಗಳ ತುಂಬ ಜನ ನೋಡಿ ಎದೆ ತುಂಬಿ ಬಂತು. ಪ್ರಜ್ಞೇಶ್ ಒಬ್ಬೊಬ್ಬರಲ್ಲೂ ಕ್ಷಮೆ ಕೇಳುತ್ತ ತಿರುಗುತ್ತಿದ್ದ, ಮೋನಿಷಾ ಕಾಫಿಗೆ ದೊಡ್ಡ ಪಾತ್ರೆ ಇಟ್ಟಳು.

ಎಲ್ಲರಿಗಿಂತ ಕೊನೆಗೆ ಬಂದವರು ಮೊಣ್ಣಪ್ಪ. ಹೊಳೆಯಾಚೆಯ ಕೊಡವರ ಮನೆಯ ಹಿರಿಯರು. ಮದುವೆ ಮನೆಗಳಲ್ಲಿ ಕಂಡು ನಮಸ್ಕಾರ ಹೇಳಿದ್ದೆ, ಅದಕ್ಕಿಂತ ಹೆಚ್ಚು ಬಳಕೆ ಇರಲಿಲ್ಲ. ಸೇತುವೆ ದಾಟಿ ಗುಡ್ಡ ಹತ್ತಿ, ಊರುಗೋಲಿನಲ್ಲಿ ಉಬ್ಬಸಪಡುತ್ತ ಬಂದಿದ್ದರು. ಎಲ್ಲರೂ ಯಾರು ಹೋದದ್ದು ಎಂದು ಕೇಳಿದ್ದರೆ ಅವರು ಕೇಳಿದ್ದೇ ಬೇರೆ.

"ಯಾರ ತೋಟೆ ಮಾರಾಯ ತಣಿದದ್ದು?"

ಪ್ರಜ್ಞೇಶನಿಗೆ ಅರ್ಥವಾಗಲಿಲ್ಲ. ಅವರು ಕೋಟಿನ ಜೇಬಿನಿಂದ ಪ್ಲಾಸ್ಟಿಕ್ ಸುತ್ತಿದ ಎರಡು ಕೋವಿ ತೋಟೆ ತೆಗೆದು ಅವನ ಕೈಗೆ ಇಟ್ಟರು.

"ಒಂದು ಹಾರಿ ಇನ್ನೊಂದು ಹಾರಲಿಕ್ಕೆ ಅಷ್ಟು ಹೊತ್ತಾಯ್ತಲ್ಲ. ತೋಟೆ ಒದ್ದೆ ಆಗಿರ್ಬೇಕು ಅಂತ ಒಣಗಿದ್ದು ತಂದೆ. ಸತ್ತವರಿಗೆ ಸರಿಯಾಗಿ ಎರಡು ಹೊಡೆದುಬಿಡಿ. ಆಮೇಲೆ ಜನ್ಮಪೂರ್ತಿ ಕೊರಗೋದು ಬೇಡ."

ಲೋಟ ಕೆಳಗಿಟ್ಟೆ. ಸುನಿಲನ ಭುಜ ಹಿಡಿದು ಎದ್ದೆ.

"ಮೊಣ್ಣಪ್ಪಣ್ಣ, ನೀವು ಯಾಕೆ ಕೊರಗಿದ್ರಿ?"

ಅವರು ನನ್ನನ್ನು ನೋಡಿ, ನಾನು ಬದುಕಿರುವುದಕ್ಕೆ ಒಂದು ಗಳಿಗೆ ಬೆಪ್ಪಾಗಿ, ಆಮೇಲೆ ಜಗಲಿಯಲ್ಲಿ ಕೂತು ಹೇಳಿದರು. ಅವರ ಅವ್ವ ತೀರಿಕೊಂಡದ್ದು ಆಟಿ ಮಳೆಯಲ್ಲಿ, ಬೆಳಿಗ್ಗೆ. ಗುಂಡು ಹೊಡೆಯೋಣವೆಂದರೆ ಮನೆಯಲ್ಲಿದ್ದ ತೋಟೆಯೆಲ್ಲ ಥಂಡಿ ಹಿಡಿದು ಹೋಗಿತ್ತು. ಒಂದೂ ಹಾರಲಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿಟ್ಟು ಬಿಸಿ ತಾಗಿಸಿ ಕಾದರು. ಮಧ್ಯಾಹ್ನ ಕಳೆದ ಮೇಲೆ ಒಂದು ಹಾರಿತು. ಎರಡನೆಯದು ಟುಸ್ ಎಂದಿತು. ಒಂದಾದ ಮೇಲೆ ಒಂದು ತೋಟೆ ಬದಲಾಯಿಸುತ್ತ, ಅಳುತ್ತ ನಿಂತಿದ್ದಾಗ ಕೊನೆಗೆ ಇನ್ನೊಂದು ಹಾರಿತು.

"ಗುಂಡು ಕೇಳಿಯೂ ಯಾರೂ ಬರಲಿಲ್ಲ. ಹುಟ್ಟಿನದೋ ಸಾವಿನದೋ ಅಂತ ಯಾರಿಗೆ ಗೊತ್ತಾಗ್ಬೇಕು? ಈ ಕಡೆಯವರು ಬರೋಣಾಂದ್ರೂ ಪಾಲ ಇರಲಿಲ್ಲ, ಆ ದಿನವೇ ಹೊಳೆ ತಕೊಂಡು ಹೋಗಿತ್ತು. ಅವ್ವನ ಗುಂಡು ನೆಟ್ಟಗೆ ಹೊಡೀಲಿಕ್ಕೆ ಆಗದವ ಅಂತ ದೊಡ್ಡಪ್ಪ ಸಾಯೋ ತನಕ ಬೈದ್ರು. ಅದಕ್ಕೇ ಎಲ್ಲಿ ಗುಂಡು ಕೇಳಿದ್ರೂ ಎರಡು ಒಣ ತೋಟೆ ಹಿಡ್ಕೊಂಡು ಹೋಗೋದು ಅಭ್ಯಾಸ ಆಯ್ತು."

ಹೊಳೆ ಪಾಲವನ್ನು ಹೊತ್ತುಕೊಂಡು ಹೋದದ್ದು ನಮ್ಮ ಕಾಲದಲ್ಲಿ ಒಂದೇ ಸಲ. ಇನ್ನೇನನ್ನೂ ಕೇಳಬೇಕಾಗಿರಲಿಲ್ಲ. ನಾನು ಬಗ್ಗಿ ಅವರ ಎರಡೂ ಪಾದ ಹಿಡಿದುಕೊಂಡೆ. ಇಷ್ಟು ವರ್ಷ ತಡೆದಿದ್ದ ಅಳು ಅಲ್ಲಿ ಒಡೆಯಿತು.

"ಏನಮ್ಮ ಇದು, ಏಳಿ, ಏಳಿ," ಎಂದು ಅವರು ಗಾಬರಿಯಾದರು.

"ಬೆಳಿಗ್ಗೆಯೇ ಹೊಡೆದಿದ್ರೆ ನಾನು ಮನೆಯಲ್ಲಿ ಕೂತು ಯಾರೋ ಹೋದ್ರು ಅಂತಿದ್ದೆ. ಮಧ್ಯಾಹ್ನ ಹೊಳೆ ಬದಿಗೆ ಬಂದು ಅವನ ಕೈಯಲ್ಲಿ ಸಾಯ್ತಿದ್ದೆ. ಎರಡೂ ಒಟ್ಟಿಗೆ ಹಾರಿದ್ರೆ ಅವನು ಸ್ವಲ್ಪ ನಿಂತು, ತಿರುಗಿ ಬಂದು ಮುಗಿಸ್ತಿದ್ದ. ನಿಮ್ಮ ತೋಟೆ ಒದ್ದೆಯಾದದ್ದಕ್ಕೇ ನಾನು ಇರೋದು ಅಣ್ಣ. ಈ ಮಗ, ಈ ಮನೆ, ಎಲ್ಲ ಆ ಒದ್ದೆ ತೋಟೆಯದ್ದು."

ಅಳುತ್ತಲೇ ಅವರಿಗೆ ಎಲ್ಲವನ್ನೂ ಹೇಳಿದೆ. ಮೊಣ್ಣಪ್ಪ ಟೊಪ್ಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಅದನ್ನೇ ಸವರುತ್ತ ಕೂತರು. ಆಮೇಲೆ, "ಅವ್ವ ಹಾಗೇ. ಬದುಕಿದ್ದಾಗಲೂ ಬೇರೆಯವರ ಕೆಲಸ ಮುಗಿಸಿಯೇ ತನ್ನ ಊಟ," ಎಂದರು. ಅವರ ಗಲ್ಲ ಒದ್ದೆಯಾಗಿತ್ತು.

ಅವರ ಅವ್ವನ ಹೆಸರು ದೇಚವ್ವ.

ದೀಕ್ಷಿತ್ ಅಂಗಳದ ಕೆಸರಿನಲ್ಲೇ ನಿಂತು ಕೇಳುತ್ತಿದ್ದ. ಕ್ಯಾಮೆರಾ ಚಾಲೂ ಇರಲಿಲ್ಲ. ಪವಿತ್ರಾ ಮೂಗು ಒರೆಸಿಕೊಂಡು ಅವನ ಕಡೆ ನೋಡಿದರೆ, ಬೇಡವೆಂದು ಅವನೇ ತಲೆಯಾಡಿಸಿದ. ಅವನ ಕೈಯನ್ನೂ ಹಿಡಿದುಕೊಂಡೆ. ಇವನು ಕೊಡೆಯವನನ್ನು ಹುಡುಕಿಕೊಂಡು ಬರದಿದ್ದರೆ, ಒನ್ ಮೋರ್ ಎಂದು ಹಟ ಹಿಡಿಯದಿದ್ದರೆ, ನಾನು ದೇಚವ್ವನ ಹೆಸರು ಕೇಳದೆಯೇ ಹೋಗುತ್ತಿದ್ದೆ.

"ಸಿನಿಮಾದಲ್ಲಿ ಇನ್ಸ್‌ಪೆಕ್ಟರೇ ಹೊಡೀಲಿ, ನಂಗೇನೂ ಬೇಜಾರಿಲ್ಲ," ಎಂದೆ.

"ಹೊಡೀಲಿ ಅಮ್ಮ. ಆದ್ರೆ ಎರಡರ ಮಧ್ಯೆ ಅಷ್ಟೇ ಹೊತ್ತು ಬಿಡ್ತೀನಿ. ಮಿಕ್ಕಿದವರಿಗೆ ಗೊತ್ತಾಗ್ದಿದ್ರೂ ನಿಮ್ಮೂರವರಿಗೆ ಗೊತ್ತಾಗುತ್ತೆ," ಎಂದ. ಹೊರಡುವಾಗ ನಮ್ಮ ಹೇಟೆಗೂ ಕೈ ಮುಗಿದು ಹೋದ.

ಸಿನಿಮಾ ಇನ್ನೂ ಬಂದಿಲ್ಲ. ಮಳೆ ಬಂದು ಹೋಯಿತು, ಕೈಲುಮುಹೂರ್ತ ಬಂತು. ಮೊಣ್ಣಪ್ಪಣ್ಣ ತಮ್ಮ ಮನೆಯ ಪೂಜೆ ಮುಗಿಸಿ ನಮ್ಮಲ್ಲಿಗೆ ಬಂದರು. ಅವ್ವನಿಗೆ ಏನು ಇಷ್ಟ ಎಂದು ಮೊದಲೇ ಕೇಳಿ ತಿಳಿದುಕೊಂಡಿದ್ದೆ. ಹಂದಿ ಸಾರು, ಕಡುಬು ಎಲ್ಲರಿಗೂ ಇದ್ದದ್ದೇ, ದೇಚವ್ವನಿಗೆಂದು ಎಳೆಬಿದಿರಿನ ಕಣಿಲೆ ಪಲ್ಯ ಬೇರೆ ಮಾಡಿದ್ದೆ. ಕೋವಿಗೆ ಹೂ ಮುಡಿಸಿದೆವು. ನಮ್ಮ ಹಿರಿಯರ ಎಲೆಗಳ ಪಕ್ಕದಲ್ಲಿ ಆ ಎಲೆಯನ್ನು ಹಾಕಿ ಬಡಿಸಿದೆ. ಟೀಚರಮ್ಮ, ಹಸುವಿನ ಅಜ್ಜಿ, ಯಮುನಾ ಅವರಿಗೂ ಈ ಸಲ ಒಂದೊಂದು ತುತ್ತು ಇಟ್ಟೆ. ಅವರಿಗೆ ಯಾವ ಗುಂಡೂ ಹಾರಲಿಲ್ಲವಲ್ಲ.

"ದೇಚವ್ವ, ಊಟಕ್ಕೆ ಬಾ," ಎಂದು ಹೆಸರು ಹಿಡಿದು ಕರೆದೆ. ಬಾಯಿಗೆ ಆ ಹೆಸರು ಎಷ್ಟು ಹಿತವಾಗಿತ್ತೆಂದರೆ ಇನ್ನೊಮ್ಮೆ ಕರೆದೆ. ಹಿರಿಯರು ಉಣ್ಣಲೆಂದು ಕದ ಮುಚ್ಚಿ ಹೊರಗೆ ಬಂದೆವು.

ಹಬ್ಬದ ದಿನ ಊರಿನಲ್ಲಿ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯುವ ಪಂದ್ಯ, ಎಲ್ಲ ಕಡೆಯಿಂದಲೂ ಗುಂಡಿನ ಸದ್ದು. ಯಾರೂ ಲೆಕ್ಕ ಇಡುವುದಿಲ್ಲ, ಯಾರೂ ಓಡಿ ಬರುವುದಿಲ್ಲ. ಪ್ರಜ್ಞೇಶನಿಗೆ ಕೋವಿ ತರಲು ಹೇಳಿದೆ. ಆವತ್ತು ಮೊಣ್ಣಪ್ಪಣ್ಣ ಕೊಟ್ಟ ಎರಡು ತೋಟೆಯನ್ನು ನಾನು ಮಳೆಗಾಲವಿಡೀ ಅಕ್ಕಿ ಡಬ್ಬದೊಳಗೆ ಬೆಚ್ಚಗೆ ಕಾಪಾಡಿದ್ದೆ. ತಂದು ಅವರ ಕೈಗೆ ಕೊಟ್ಟೆ.

"ಆವತ್ತು ನನಗಾಗಿ ತಡ ಮಾಡಿದ್ರಿ ಅಣ್ಣ. ಈಗ ಅವ್ವನಿಗಾಗಿ ಹೊಡೀರಿ."

ಅವರು ಊರುಗೋಲು ಬದಿಗಿಟ್ಟು ತೋಟೆ ತುಂಬಿದರು. ಪ್ರಜ್ಞೇಶ್ ಹಿಂದಿನಿಂದ ಅವರ ಭುಜಕ್ಕೆ ಆಸರೆ ಕೊಟ್ಟ. ಮೊಣ್ಣಪ್ಪಣ್ಣ ಕೋವಿಯನ್ನು ಆಕಾಶಕ್ಕೆ ಎತ್ತಿದರು. ಒಂದು ಹಾರಿತು. ಅದರ ಬೆನ್ನಿಗೇ, ಮಧ್ಯೆ ಉಸಿರು ಎಳೆದುಕೊಳ್ಳುವಷ್ಟೂ ಬಿಡದೆ, ಎರಡನೆಯದೂ ಹಾರಿತು.

ನಾನು ಒಳಗೆ ಹೋಗಿ ಮುಚ್ಚಿದ ಕದಕ್ಕೆ ಬಾಯಿ ಇಟ್ಟು ಕೇಳಿದೆ: "ದೇಚವ್ವ, ಕೇಳಿತಾ?"